ತಿಮಿಂಗಿಲ ಎಷ್ಟು ಚೀಲ?

"ನೀಲಿ ತಿಮಿಂಗಿಲದ ಹೃದಯ ಒಂದು ಕಾರಿನಷ್ಟು ದೊಡ್ಡದಂತೆ!"

ಬಸು ಮೊಬೈಲು ಎತ್ತಿ ಹಿಡಿದು ಓದಿದ. ಗಾಂಧಿ ಚೌಕದ ಚಾದಂಗಡಿಯಲ್ಲಿ ಅವತ್ತಿನ ನಾಲ್ಕನೇ 'ನಿಮಗಿದು ಗೊತ್ತೇ'.

ಬಸಿಯಲ್ಲಿ ಚಾ ಊದುತ್ತಿದ್ದ ರಾಚಪ್ಪ ತಲೆ ಎತ್ತಿದರು. "ಯಾವ ಕಾರು?"

"ಅಂದ್ರೆ?"

"ಅಲ್ಲೋ, ನಿನ್ನ ಅಳಿಯನ ಕಾರಿನಲ್ಲಿ ನಾಲ್ವರು ಕೂತರೆ ಐದನೆಯವನ ಚಪ್ಪಲಿಗೂ ಜಾಗ ಇಲ್ಲ. ಗೌಡರ ಮಗನ ಕಾರಿನಲ್ಲಿ ಬೀಗರೂಟ ಹಾಕಬಹುದು. ಮೂವತ್ತು ವರ್ಷ ಎಪಿಎಂಸಿಯಲ್ಲಿ ಜೋಳ ತೂಗಿದವನು ನಾನು. ಕಾರಿನಷ್ಟು, ಬಸ್ಸಿನಷ್ಟು ಅಂತ ಚೀಟಿ ಬರೆದಿದ್ದರೆ ರೈತರು ನನ್ನನ್ನೇ ತಕ್ಕಡಿಗೆ ಹಾಕುತ್ತಿದ್ದರು. ಚೀಲದಲ್ಲಿ ಹೇಳು, ಚೀಲಕ್ಕೆ ನೂರು ಕಿಲೋ."

ಮಾಸ್ತರು ಕನ್ನಡಕ ಒರೆಸಿದರು. ಅಂದರೆ ಇನ್ನು ಪಾಠ ಶುರು. "2014ರಲ್ಲಿ ಕೆನಡಾದ ಕಡೆ ಸತ್ತ ತಿಮಿಂಗಿಲವೊಂದರ ಹೃದಯ ತೆಗೆದು ಟೊರಾಂಟೊದ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ತೂಕ ಸುಮಾರು 180 ಕಿಲೋ."

"ಎರಡು ಚೀಲಕ್ಕೂ ಕಡಿಮೆ! ಇದು ಕಾರಲ್ಲ ತಮ್ಮಾ, ಬುಲೆಟ್ ಗಾಡಿ."

ಬಸುವಿನ ಮುಖ ಸಣ್ಣದಾಯಿತು. ಗೌಡರಿಗೆ ಕನಿಕರ ಬಂತು. "ಇಡೀ ಮೈ ಎಷ್ಟ್ರೀ ಮಾಸ್ತರ್?"

"ದೊಡ್ಡದಾದರೆ 150 ಟನ್ ತೂಗುತ್ತೆ. ಉದ್ದ 30 ಮೀಟರ್."

"ಸಾವಿರದೈನೂರು ಚೀಲ," ಅಂದರು ರಾಚಪ್ಪ, ಕಣ್ಣು ಮುಚ್ಚಿ. "ನಮ್ಮ ಮಲಿಕ್-ಎ-ಮೈದಾನ್ ತೋಪು 55 ಟನ್. ಮೂರು ತೋಪಿಗೆ ಸ್ವಲ್ಪ ಕಡಿಮೆ. ಗೋಳಗುಮ್ಮಟದೊಳಗೆ ಬಾಲ ಮಡಚದೆ ಮಲಗಬಹುದು."

"ಬಾಗಿಲಲ್ಲಿ ಹೆಂಗ್ರೀ ಒಳಗೆ ಬರೋದು?"

"ಟಿಕೆಟ್ ತಗೊಂಡು."

ಬಸು ಸೋಲೊಪ್ಪುವವನಲ್ಲ. ಜಿರಾಫೆ ಹಿಡಿದ. ಅಷ್ಟುದ್ದ ಕುತ್ತಿಗೆಯಲ್ಲೂ ಏಳೇ ಮೂಳೆಯಂತೆ, ನಮ್ಮಷ್ಟೇ!

"ಇದು ಲೆಕ್ಕ. ಒಪ್ಪಿದೆ," ಅಂದರು ರಾಚಪ್ಪ. "ಅದು ಮೇಲಿನ ಎಲೆ ನೋಡುತ್ತೆ, ನೀನು ಕೆಳಗೆ ಮೊಬೈಲು ನೋಡುತ್ತೀಯ. ಇನ್ನೆರಡು ವರ್ಷಕ್ಕೆ ನಿನಗೆ ನಾಲ್ಕೇ ಉಳಿಯುತ್ತವೆ."

ಆನೆ 22 ತಿಂಗಳು ಗರ್ಭ ಹೊರುತ್ತದೆ, ಹುಟ್ಟುವಾಗಲೇ ಮರಿ ಸುಮಾರು ನೂರು ಕಿಲೋ, ಅಂದರು ಮಾಸ್ತರು. ರಾಚಪ್ಪ "ಒಂದು ಚೀಲ" ಅನ್ನುವ ಮೊದಲೇ ಭಜಿ ಕರಿಯುತ್ತಿದ್ದ ಶಾಂತಕ್ಕ ತಿರುಗಿದಳು. "ಅಷ್ಟು ತಿಂಗಳು ಹೊತ್ತವಳಿಗೆ ಯಾರಾದರೂ ಒಂದು ಅಂಟಿನುಂಡಿ ಕೊಟ್ಟರಾ?" ಈ ಪ್ರಶ್ನೆಗೆ ಮಾಸ್ತರ ಹತ್ತಿರವೂ ಉತ್ತರ ಇರಲಿಲ್ಲ.

"ಇಷ್ಟು ದೊಡ್ಡ ತಿಮಿಂಗಿಲ, ಆದರೂ ಕಾಣೋದೇ ಅಪರೂಪ ಅಂತಾರಲ್ಲ?" ಗೌಡರು ಮತ್ತೆ ಸಮುದ್ರಕ್ಕಿಳಿದರು.

"ಕೊಂದುಬಿಟ್ಟರಲ್ರೀ. ಎಣ್ಣೆಗೆ, ಮಾಂಸಕ್ಕೆ. ದಕ್ಷಿಣ ಗೋಳಾರ್ಧದಲ್ಲೇ ಮೂರು ಲಕ್ಷಕ್ಕಿಂತ ಜಾಸ್ತಿ. 1966ರಲ್ಲಿ ನೀಲಿ ತಿಮಿಂಗಿಲ ಹಿಡಿಯಬಾರದು ಅಂತ ಕಾನೂನಾಯಿತು."

"ಮೂರು ಲಕ್ಷ ಗುಣಿಸು ಸಾವಿರದೈನೂರು..." ರಾಚಪ್ಪನವರ ಬೆರಳು ಮೇಜಿನ ಮೇಲೆ ಓಡಿ, ನಿಂತಿತು. "ಬೇಡ. ಈ ಲೆಕ್ಕ ಬೇಡ."

ಬಸು ಮೆಲ್ಲಗೆ ಓದಿದ. "ಅದರ ದನಿ ನೀರಿನಲ್ಲಿ ನೂರಾರು ಕಿಲೋಮೀಟರ್ ದೂರ ಹೋಗುತ್ತದಂತೆ. ಈಗ ಹಡಗುಗಳ ಗದ್ದಲದಲ್ಲಿ ಒಂದರ ಕೂಗು ಇನ್ನೊಂದಕ್ಕೆ ಕೇಳೋದು ಕಷ್ಟವಂತೆ."

ಎಷ್ಟು ಚೀಲ ಅಂತ ಯಾರೂ ಕೇಳಲಿಲ್ಲ.

"ಸಣ್ಣವನಿದ್ದಾಗ ನಮ್ಮಪ್ಪ ಗೋಳಗುಮ್ಮಟದ ಮೇಲೆ ಕರೆದುಕೊಂಡು ಹೋಗಿದ್ದ," ಅಂದರು ರಾಚಪ್ಪ. "ನನ್ನನ್ನು ಈಚೆ ನಿಲ್ಲಿಸಿ, ಆಚೆ ಹೋಗಿ ಗೋಡೆಗೆ ಬಾಯಿ ಹಚ್ಚಿ, 'ಹಸಿವಾಯ್ತೇನೋ ರಾಚಾ' ಅಂದ. ಕಿವಿಯಲ್ಲೇ ಅಂದಂತಾಯಿತು. ಹೋದ ತಿಂಗಳು ಮೊಮ್ಮಗನನ್ನು ಅಲ್ಲೇ ನಿಲ್ಲಿಸಿ ನಾನೂ ಅದನ್ನೇ ಕೇಳಿದೆ. ಸುತ್ತಲೂ ಮಂದಿ ಊ... ಊ... ಅಂತ ಕೂಗುತ್ತಿದ್ದರು. ಅವನಿಗೆ ಕೇಳಿಸಲೇ ಇಲ್ಲ."

"ಮತ್ತೇನು ಮಾಡಿದಿರಿ?"

"ಏನು ಮಾಡೋದು? ಅರ್ಧ ಸುತ್ತು ಹಾಕಿ ಅವನ ಹತ್ತಿರ ಹೋಗಿ ಕೇಳಿದೆ. ಹಸಿವಾಗಿತ್ತಂತೆ."