ಪದಚರ್ಚೆ: ಕನಸಿನಲ್ಲಿ ಕಾಣುವ ಗಾಯ ಮತ್ತು ‘ಸ್ಕಾರ್’ (ತುರ್ತು)

ಎಲ್ಲರಿಗೂ ನಮಸ್ಕಾರ.

ಕನಸಿನ ಸಂಕೇತಗಳ ಬಗ್ಗೆ ಒಂದು ಪುಟ್ಟ ಪುಸ್ತಕವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುತ್ತಿದ್ದೇನೆ. ಒಂದು ಅಧ್ಯಾಯದ ಹೆಸರು ‘ವೂಂಡ್ಸ್ ಅಂಡ್ ಸ್ಕಾರ್ಸ್’. ನಾಳೆ ಬೆಳಗ್ಗೆ ಪುಟವಿನ್ಯಾಸಕ್ಕೆ ಕಳಿಸಬೇಕು. ಸದ್ಯಕ್ಕೆ ‘ಗಾಯಗಳು, ಕಲೆಗಳು’ ಅಂತ ಇಟ್ಟಿದ್ದೇನೆ. ಕರಡು ಓದಿದವರೊಬ್ಬರು, ಸಂಗೀತ ಚಿತ್ರಕಲೆಯ ಮಾತು ಇಲ್ಲಿಗೇಕೆ ಬಂತು ಎಂದು ಕೇಳಿದರು.

ಪದ ಕೂರಬೇಕಾದ ವಾಕ್ಯಗಳು ಇವು:

‘ಕನಸಿನಲ್ಲಿ ನಿಮ್ಮ ಮೈಮೇಲೆ ಹಳೆಯ ____ ಕಂಡರೆ, ದಾಟಿ ಬಂದ ನೋವನ್ನು ಮನಸ್ಸು ಒಪ್ಪಿಕೊಂಡಿದೆ ಎಂದು ಓದಬಹುದು.’

‘ಅದೇ ____ ಮತ್ತೆ ತೆರೆದು ರಕ್ತ ಬಂದರೆ, ಮುಗಿಯಿತು ಅಂದುಕೊಂಡದ್ದು ಮುಗಿದಿಲ್ಲ.’

‘ಟ್ರಾಮಾ’ ಎಂಬುದಕ್ಕೆ ‘ಆಘಾತ’ ಹಾಕಿದ್ದೇನೆ. ಅದು ಸರಿಯಾ, ಅದನ್ನೂ ಹೇಳಿ.

— ನ.

*

ಹೊಸದಾಗಿ ಹುಡುಕುವ ಕೆಲಸವೇ ಇಲ್ಲ. ಗಾಯಕ್ಕೆ ‘ವ್ರಣ’. ಅದು ಮಾಯ್ದ ಮೇಲೆ ಉಳಿಯುವುದಕ್ಕೆ ‘ವ್ರಣವಸ್ತು’. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಎರಡೂ ಒಂದೇ ಶ್ಲೋಕದಲ್ಲಿವೆ. ಮಾಯ್ದ ಮೇಲೂ ವ್ರಣವಸ್ತು ದೇಹ ಇರುವ ತನಕ ಅಳಿಯುವುದಿಲ್ಲ, ಆದ್ದರಿಂದಲೇ ಇದಕ್ಕೆ ವ್ರಣ ಎಂಬ ಹೆಸರು ಎನ್ನುತ್ತದೆ ಆ ಶ್ಲೋಕ. ಅಂದರೆ ಗುರುತು ಬಿಟ್ಟುಹೋಗುವುದೇ ಗಾಯದ ಲಕ್ಷಣ. ನಿಮ್ಮ ಅಧ್ಯಾಯದ ತಿರುಳೂ ಅದೇ ಅಲ್ವಾ? ಇಷ್ಟು ಹದವಾದ ಜೋಡಿಪದ ಕೈಯಲ್ಲಿರುವಾಗ ‘ಕಲೆ’ ಯಾಕೆ ಬೇಕು?

— ಗ.

*

ಆಗದು. ‘ವ್ರಣವಸ್ತು’ ಎಂದು ಕಂಡರೆ ಓದುಗರು ಪುಸ್ತಕ ಮುಚ್ಚಿಡುತ್ತಾರೆ.

‘ಗಾಯ’ವೂ ಎರವಲೇ. ಸಂಸ್ಕೃತದ ‘ಘಾತ’ ಪ್ರಾಕೃತದಲ್ಲಿ ‘ಘಾಯ’ ಆಗಿ ನಮ್ಮಲ್ಲಿಗೆ ಬಂತು. ನಮ್ಮದು ‘ಪುಣ್’, ಈಗಿನ ‘ಹುಣ್ಣು’. ತಮಿಳಿನಲ್ಲಿ ಪುಣ್, ತೆಲುಗಿನಲ್ಲಿ ಪುಂಡು. ತಿರುಕ್ಕುರಳಿನಲ್ಲಿ ‘ವಿೞುಪ್ಪುಣ್’ ಎಂಬ ಮಾತಿದೆ. ವೈರಿಗೆ ಎದೆಗೊಟ್ಟು ನಿಂತಾಗ ಬಿದ್ದ ಗಾಯ ಅದು. ಅಂಥ ಗಾಯ ಬೀಳದ ದಿನಗಳನ್ನೆಲ್ಲ ವೀರ ವ್ಯರ್ಥವಾದ ದಿನಗಳ ಲೆಕ್ಕಕ್ಕೆ ಸೇರಿಸುತ್ತಾನಂತೆ. ಗಾಯಕ್ಕೆ ಇದಕ್ಕಿಂತ ದೊಡ್ಡ ಅರ್ಥ ಬೇಕಾ?

‘ಸ್ಕಾರ್’ಗೆ ‘ಮಾಯ್ಗುರುತು’ ಎಂದು ಕಟ್ಟಿ. ‘ಸಂಕೇತ’ವನ್ನೂ ತೆಗೆಯಿರಿ, ‘ಕುರುಹು’ ಸಾಕು. ‘ಕನಸು’ ಎಂಬ ಪದವೇ ‘ಕಾಣ್’ ಧಾತುವಿನಿಂದ ಹುಟ್ಟಿದ್ದು. ಕಂಡದ್ದು ಕನಸು. ಕಾಣುವುದರ ಬಗ್ಗೆ ಬರೆಯುವಾಗ ನಮ್ಮ ಕಣ್ಣಿಗೆ ಒಗ್ಗಿದ ಪದಗಳೇ ಇರಲಿ.

— ಮ.

*

ಇಬ್ಬರೂ ಪದದ ಊರು ಯಾವುದು ಎಂದು ಕೇಳಿದಿರಿ. ವಾಕ್ಯ ಏನು ಕೇಳುತ್ತಿದೆ ಎಂದು ನೋಡಲಿಲ್ಲ.

ಮೊದಲು ‘ಕಲೆ’. ಚಿತ್ರಕಲೆಯ ಗೊಂದಲ ಸಣ್ಣದು, ಸಂದರ್ಭವೇ ಅದನ್ನು ಬಿಡಿಸುತ್ತದೆ. ದೊಡ್ಡ ತೊಂದರೆ ಬೇರೆ. ಬಟ್ಟೆಗೆ ಅಂಟಿದ ರಕ್ತವೂ ನಮಗೆ ಕಲೆ, ಏಟು ಬಿದ್ದು ಹಣೆಯಲ್ಲಿ ಉಳಿದದ್ದೂ ಕಲೆ. ಅಂಟಿದ್ದು ಹೊರಗಿನದು, ತೊಳೆದರೆ ಹೋದೀತು. ಗಾಯ ಮಾಯ್ದು ಉಳಿದದ್ದು ಹಾಗಲ್ಲ. ಅದು ಮೈ ತಾನೇ ಹೆಣೆದು ಮುಚ್ಚಿದ ಜಾಗ. ಆಳವಾದ ಗಾಯ ಮಾಯ್ದ ಕಡೆ ಹತ್ತಿರದಿಂದ ನೋಡಿ. ಅಲ್ಲಿ ಕೂದಲು ಹುಟ್ಟುವುದಿಲ್ಲ, ಬೆವರು ಬರುವುದಿಲ್ಲ, ಸುತ್ತಲಿನ ಚರ್ಮದ ಸಣ್ಣ ಗೆರೆಗಳು ಅಂಚಿಗೆ ಬಂದು ನಿಂತುಬಿಡುತ್ತವೆ. ಕನಸಿನ ಅರ್ಥ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಅಂಟಿದ ಕಲೆ ಅಂದರೆ ತಪ್ಪು, ನಾಚಿಕೆ, ಕಳಂಕ. ಮಾಯ್ದ ಗುರುತು ಅಂದರೆ ಬದುಕಿ ಉಳಿದದ್ದು. ಮೊದಲ ವಾಕ್ಯದಲ್ಲಿ ಬರೀ ‘ಕಲೆ’ ಹಾಕಿದರೆ ಓದುವವರು ಕಳಂಕ ಎಂದೇ ಓದುತ್ತಾರೆ. ಅರ್ಥ ತಿರುವುಮುರುವಾಗುತ್ತದೆ.

ಅಂಟುವ ಕಲೆಯ ಕನಸು ಹೇಗಿರುತ್ತದೆ ಅನ್ನುವುದಕ್ಕೆ ಗ್ರೀಸಿನ ಎಪಿಡೌರಸ್‌ನಲ್ಲಿ ಒಳ್ಳೆಯ ಉದಾಹರಣೆ ಇದೆ. ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಆ ಗುಡಿಗೆ ರೋಗಿಗಳು ಮಲಗಿ ಕನಸು ಕಾಣಲೆಂದೇ ಬರುತ್ತಿದ್ದರು. ಅವರ ಕತೆಗಳನ್ನು ಕ್ರಿ.ಪೂ. 4ನೇ ಶತಮಾನದಲ್ಲಿ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಪಾಂಡರಸ್ ಎಂಬುವನ ಹಣೆಯ ಮೇಲೆ ಚುಚ್ಚಿದ ಗುರುತುಗಳಿದ್ದವು. ದೇವರು ಬಂದು ಅವುಗಳ ಮೇಲೆ ಪಟ್ಟಿ ಕಟ್ಟಿದಂತೆ ಕನಸು ಬಿತ್ತು. ಬೆಳಗ್ಗೆ ಪಟ್ಟಿ ಬಿಚ್ಚಿದ. ಹಣೆ ಚೊಕ್ಕಟವಾಗಿತ್ತು, ಗುರುತುಗಳು ಪಟ್ಟಿಗೆ ಬಂದಿದ್ದವು. ಅವನು ಹರಕೆಗೆ ಕೊಟ್ಟ ಹಣವನ್ನು ಎಕೆಡೋರಸ್ ಎಂಬ ಇನ್ನೊಬ್ಬ ನುಂಗಿಹಾಕಿದ. ಅವನ ಹಣೆಯಲ್ಲೂ ಗುರುತುಗಳಿದ್ದವು. ಅವನ ಕನಸಿನಲ್ಲಿ ದೇವರು ಪಾಂಡರಸ್‌ನ ಅದೇ ಪಟ್ಟಿಯನ್ನು ಅವನ ಹಣೆಗೆ ಕಟ್ಟಿದ. ಎದ್ದು ನೀರಿನಲ್ಲಿ ಮುಖ ನೋಡಿಕೊಂಡರೆ ತನ್ನ ಗುರುತುಗಳ ಜೊತೆಗೆ ಪಾಂಡರಸ್‌ನವೂ ಬಂದು ಕೂತಿದ್ದವು. ಒಬ್ಬರಿಂದ ಇನ್ನೊಬ್ಬರಿಗೆ ಹೀಗೆ ದಾಟುವುದಕ್ಕೆ ‘ಕಲೆ’ ಅನ್ನಿ, ಒಪ್ಪುತ್ತೇನೆ. ನಿಮ್ಮ ಮೊದಲ ವಾಕ್ಯದಲ್ಲಿರುವುದು ಅದಲ್ಲ.

‘ಹುಣ್ಣು’ ಬೇಡ. ಹಳಗನ್ನಡದ ಮಾತು ಬಿಡಿ, ಇವತ್ತು ಹುಣ್ಣು ಅಂದರೆ ಒಳಗಿನಿಂದ ಎದ್ದದ್ದು, ಕೀವು ಕಟ್ಟಿದ್ದು. ಬಾಯಿಹುಣ್ಣು ಯಾರೂ ಹೊಡೆದು ಬಂದದ್ದಲ್ಲ. ಗಾಯಕ್ಕೆ ಹೊಡೆದ ಕೈ ಒಂದಿರುತ್ತದೆ, ಇಲ್ಲವೇ ಬಿದ್ದ ಜಾಗವಾದರೂ ಇರುತ್ತದೆ. ಕನಸಿನ ಗಾಯದಲ್ಲಿ ಮೊದಲು ಕೇಳುವ ಪ್ರಶ್ನೆಯೇ ಅದು. ಯಾರು ಹೊಡೆದರು? ಎದೆಗೋ, ಬೆನ್ನಿಗೋ? ಬೆನ್ನಿಗಾದರೆ ನಂಬಿದವರ ಕಡೆ ಮನಸ್ಸು ಹೋಗುತ್ತದೆ. ನೋವಾಯಿತಾ ಎಂದು ಕೇಳಿದರೆ ಬಹಳ ಜನ ಇಲ್ಲ ಅನ್ನುತ್ತಾರೆ. ಕನಸಿನಲ್ಲಿ ರಕ್ತ ಕಾಣುವುದು ಜಾಸ್ತಿ, ನೋವು ಆಗುವುದು ಕಮ್ಮಿ. ಆ ನೋವಿಲ್ಲದಿರುವುದನ್ನೂ ಓದಬೇಕು.

ಇನ್ನು ‘ಸಂಕೇತ’. ಕುರುಹೋ ಸಂಕೇತವೋ ಎಂದು ಜಗಳ ಆಡುವ ಮೊದಲು, ಪ್ರತಿ ಗಾಯವೂ ಸಂಕೇತ ಹೌದೇ ಎಂದು ಕೇಳಿ. ಚರಕ ಸಂಹಿತೆ ಕನಸುಗಳನ್ನು 7 ಬಗೆ ಮಾಡುತ್ತದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದಾಗುವುದನ್ನು ತೋರುವುದು, ದೇಹದ ದೋಷದಿಂದ ಬಂದದ್ದು. ಮೊದಲ 5ಕ್ಕೆ ಫಲವಿಲ್ಲ ಎಂದು ಅಲ್ಲೇ ಹೇಳಿದೆ. ಅಂದರೆ ನಿಜವಾಗಿಯೂ ಪೆಟ್ಟು ತಿಂದವರು ಅದೇ ಪೆಟ್ಟಿನ ಕನಸು ಕಂಡರೆ ಅದಕ್ಕೆ ಫಲ ಹುಡುಕಬಾರದು. ಕನಸೆಲ್ಲ ಬಯಕೆ ತೀರಿಸಿಕೊಳ್ಳುವುದಕ್ಕೆ ಎನ್ನುತ್ತಿದ್ದ ಫ್ರಾಯ್ಡ್ ಕೂಡ 1920ರಲ್ಲಿ ಇದಕ್ಕೆ ಎಡೆ ಬಿಟ್ಟ. ಯುದ್ಧದಿಂದ, ಅಪಘಾತದಿಂದ ಬಂದವರನ್ನು ಕನಸು ಮತ್ತೆ ಮತ್ತೆ ಅದೇ ಜಾಗಕ್ಕೆ ಎಳೆದೊಯ್ಯುತ್ತದೆ, ಇಲ್ಲಿ ಬಯಕೆಯ ಮಾತು ಹೊಂದುವುದಿಲ್ಲ ಎಂದ. ಆ ಗಾಯ ಇನ್ನೊಂದನ್ನು ಸೂಚಿಸುವುದಿಲ್ಲ. ಅದು ನೆನಪು. ನ. ಅವರೇ, ಅಧ್ಯಾಯದಲ್ಲಿ ಈ ಮಾತು ಇಲ್ಲದಿದ್ದರೆ ಒಂದು ಅಡಿಟಿಪ್ಪಣಿಯಾದರೂ ಹಾಕಿ. ಪೆಟ್ಟು ತಿಂದವರ ಕೈಗೂ ಪುಸ್ತಕ ಹೋಗುತ್ತದೆ. ಅವರಿಗೆ ಸುಮ್ನೆ ಸಂಕೇತದ ಪಟ್ಟಿ ಕೊಟ್ಟರೆ ಅನ್ಯಾಯವಾಗುತ್ತದೆ.

‘ಆಘಾತ’ ಇರಲಿ. ಗ್ರೀಕಿನಲ್ಲಿ ಟ್ರಾಮಾ ಅಂದರೆ ಗಾಯವೇ. ನಮ್ಮ ಗಾಯ, ಆಘಾತ ಎರಡೂ ಘಾತದಿಂದ ಬಂದವು. ಮೂಲದಲ್ಲಿದ್ದ ನಂಟು ಕನ್ನಡದಲ್ಲೂ ಉಳಿಯುತ್ತದೆ, ತಾನಾಗಿಯೇ.

ಕೊನೆಯದಾಗಿ, ‘ಕನಸು’ ಬಂದದ್ದು ‘ಕಾಣ್’ನಿಂದ ಅಲ್ಲ. ತಮಿಳಿನ ‘ಕನವು’ನಲ್ಲಿರುವುದು ನಕಾರ, ‘ಕಾಣ್’ನಲ್ಲಿ ಣಕಾರ. ಬರೋ ಮತ್ತು ಎಮಿನೋ ಅವರ ದ್ರಾವಿಡ ನಿಘಂಟಿನಲ್ಲಿ ಇವು ಬೇರೆ ಬೇರೆ ನಮೂದುಗಳು. ಜರ್ಮನಿನ ‘ಟ್ರೌಮ್’ ಅಂದರೆ ಕನಸು, ‘ಟ್ರಾಮಾ’ಗೆ ಅದೂ ನಂಟಲ್ಲ. ಕಿವಿಗೆ ಹತ್ತಿರ ಕೇಳಿಸಿತು ಅಂತ ಬೇರು ಒಂದೇ ಆಗುವುದಿಲ್ಲ.

— ಸ.

*

ಣಕಾರದ ಮಾತು ಹಾಗಿರಲಿ. ‘ಇವತ್ತು ಹುಣ್ಣು ಅಂದರೆ ಕೀವು’ ಎಂದಿರಿ. ಯಾಕೆ ಹಾಗಾಯಿತು? ಹಳಗನ್ನಡದ ಯುದ್ಧದ ವರ್ಣನೆಗಳಲ್ಲಿ ಕತ್ತಿಯೇಟಿನ ಗಾಯವೇ ಪುಣ್. ‘ಗಾಯ’ ಬಂದು ಆ ಜಾಗದಲ್ಲಿ ಕೂತಿತು, ನಮ್ಮ ಪದ ಕೀವಿಗೆ ಇಳಿಯಿತು. ಒಂದು ಎರವಲು ಪದ ಒಳಗೆ ಬಂದಾಗ ಏನಾಗುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ. ಎರವಲು ತಂದರೆ ನುಡಿ ಬೆಳೆಯುತ್ತದೆ ಎಂದು ಹೇಳುವವರು ಒಳಗಿದ್ದ ಪದಕ್ಕೆ ಏನಾಯಿತು ಎಂದು ಒಮ್ಮೆಯೂ ತಿರುಗಿ ನೋಡುವುದಿಲ್ಲ. ನಾವು ಬಳಸಿದರೆ ತಾನೆ ಹಳೆಯ ಅರ್ಥ ಮರಳುವುದು?

— ಮ.

*

ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ತದ್ಭವಗಳಿಗಾಗಿ ಅಪಭ್ರಂಶ ಪ್ರಕರಣ ಇಟ್ಟ. ವ್ಯಾಕರಣ ಬರೆದವನಿಗೆ ಬೇಡವಾಗದ ಪದಗಳು ಈಗ ನಮಗೆ ಹೊರಗಿನವು ಆದವೇ? ‘ಗಾಯ’ಕ್ಕೆ ಪಾಸ್‌ಪೋರ್ಟ್ ಕೇಳುವ ಚರ್ಚೆ ನಿಲ್ಲಲಿ. ಆದರೆ ‘ವ್ರಣವಸ್ತು’ವನ್ನು ಒಂದೇ ಸಾಲಿನಲ್ಲಿ ತಳ್ಳಿದ್ದನ್ನು ನಾನು ಒಪ್ಪುವುದಿಲ್ಲ. ಓದುಗರಿಗೆ ಗೊತ್ತಿಲ್ಲದ ಪದ ಕಲಿಸಬಾರದು ಎಂದಾದರೆ ‘ಮಾಯ್ಗುರುತು’ ಯಾರಿಗೆ ಗೊತ್ತು?

— ಗ.

*

ಎಲ್ಲರಿಗೂ ಧನ್ಯವಾದ. ಅಡಿಟಿಪ್ಪಣಿ ಖಂಡಿತ ಹಾಕುತ್ತೇನೆ. ಮೂಲದಲ್ಲಿ ಆ ಮಾತು ಇಲ್ಲವೇ ಇಲ್ಲ, ಅದು ನನ್ನನ್ನೂ ಕಾಡುತ್ತಿತ್ತು. ಸುಶ್ರುತದ ಶ್ಲೋಕದ ಮಾತನ್ನು ಅಧ್ಯಾಯದ ಮೊದಲಲ್ಲಿ ಬಳಸಿಕೊಳ್ಳಲೇ ಎಂದು ಪ್ರಕಾಶಕರನ್ನು ಕೇಳುತ್ತೇನೆ.

ಮೊದಲ ವಾಕ್ಯಕ್ಕೆ ‘ಗಾಯದ ಗುರುತು’ ಸರಿಹೋಗುತ್ತಿದೆ. ಎರಡನೆಯದು ಇನ್ನೂ ಕೂರುತ್ತಿಲ್ಲ. ‘ಅದೇ ಗುರುತು ಮತ್ತೆ ತೆರೆದು’ ಎಂದು ಓದಿದರೆ ಏನೋ ತಪ್ಪಿದಂತೆ ಇದೆ.

— ನ.

*

ಗುರುತು ತೆರೆಯುವುದಿಲ್ಲ, ಅದಕ್ಕೇ. ಕನ್ನಡದಲ್ಲಿ ಬಾಯಿ ಬಿಡುವುದು ಗಾಯ. ‘ಮಾಯ್ದ ಗಾಯ ಮತ್ತೆ ಬಾಯಿ ಬಿಟ್ಟು ರಕ್ತ ಬಂದರೆ’ ಎಂದು ಬರೆಯಿರಿ. ಎರಡೂ ಕಡೆ ಒಂದೇ ನಾಮಪದ ಬೇಕು ಎಂಬ ಹಟ ಇಂಗ್ಲಿಷಿನದು. ನಮಗೆ ‘ಮಾಯು’ ಕ್ರಿಯಾಪದ ಇದೆ, ಅದೇ ಕೆಲಸ ಮಾಡುತ್ತದೆ. ಮ. ಅವರೇ, ಈ ‘ಮಾಯ್’ ನಿಮ್ಮ ಕಡೆಯಿಂದಲೇ ಬಂದದ್ದು.

ಇನ್ನೊಂದು ಮಾತು. ‘ಮಾಯದ’ ಮತ್ತು ‘ಮಾಸದ’ ಎರಡನ್ನೂ ಬೆರೆಸಬೇಡಿ. ಪತ್ರಿಕೆಗಳಲ್ಲಿ ‘ಮಾಸದ ಗಾಯ’ ಎಂದು ಧಾರಾಳವಾಗಿ ಬರೆಯುತ್ತಾರೆ. ಮಾಸುವುದು ಬಣ್ಣ, ಬಟ್ಟೆ, ನೆನಪು, ಗುರುತು. ಗಾಯ ಮಾಯುತ್ತದೆ, ಇಲ್ಲವೇ ಆರುತ್ತದೆ. ನಿಮ್ಮ ಅಧ್ಯಾಯದಲ್ಲಿ ಮಾಯದ ಗಾಯ ಒಂದು ಕನಸು, ಮಾಸದ ಗುರುತು ಇನ್ನೊಂದು ಕನಸು. ಮೊದಲನೆಯದರಲ್ಲಿ ರಕ್ತ ಇನ್ನೂ ಹಸಿ. ಎರಡನೆಯದರಲ್ಲಿ ಎಲ್ಲ ಮುಗಿದಿದೆ, ಅಳಿಸಿಲ್ಲ ಅಷ್ಟೇ. ಕರಡಿನಲ್ಲಿ ‘ಮಾಸದ’ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಇವತ್ತು ರಾತ್ರಿಯೇ ಒಮ್ಮೆ ನೋಡಿಬಿಡಿ. ತಲೆಬರಹಕ್ಕೆ ‘ಗಾಯ, ಗಾಯದ ಗುರುತು’ ಸಾಕು.

— ಸ.