ಚಕ್ಕುಲಿಗೆ ನಾಲ್ಕು ಪಾವು ಹಿಟ್ಟು ಎಂದರೆ ಎಷ್ಟು ಗ್ರಾಂ?

ಬಸವನಗುಡಿ ಸೊಸೆ: ಗೋಕುಲಾಷ್ಟಮಿಗೆ ಅತ್ತೆಯವರ ಅಳತೆಯಲ್ಲೇ ಚಕ್ಕುಲಿ ಮಾಡಬೇಕೆಂದಿದ್ದೇನೆ. ಅವರು ಬರೆದುಕೊಟ್ಟ ಚೀಟಿಯಲ್ಲಿ "ನಾಲ್ಕು ಪಾವು ಅಕ್ಕಿಹಿಟ್ಟು, ಒಂದು ಪಾವು ಹುರಿಗಡಲೆ ಹಿಟ್ಟು" ಎಂದಿದೆ. ಪಾವು ಶಿವಮೊಗ್ಗದಲ್ಲಿ ಅವರ ಹತ್ತಿರವೇ ಇದೆ, ನನ್ನ ಬಳಿ ಇರುವುದು ಡಿಜಿಟಲ್ ತಕ್ಕಡಿ. ಗ್ರಾಂ ಲೆಕ್ಕ ತಿಳಿಸುತ್ತೀರಾ?

ತೂಕದವನು: ಪಾತ್ರೆಯ ಅಳತೆಯನ್ನೇ ಬಿಟ್ಟುಬಿಡಿ. 240 ಮಿ.ಲೀ. ಕಪ್ಪಿನಲ್ಲಿ ಸಕ್ಕರೆ ಸುಮಾರು 200 ಗ್ರಾಂ ಹಿಡಿಯುತ್ತದೆ, ಮೈದಾ 120ರಿಂದ 125. ಅದೇ ಮೈದಾವನ್ನು ಕಪ್ ಒತ್ತಿ ಮೊಗೆದರೆ 150ರ ಹತ್ತಿರ ಬರುತ್ತದೆ. ಪಾವು ಎಂದರೆ ಕಾಲು ಸೇರು, ಸೇರಿಗೆ 933 ಗ್ರಾಂ. ಹಾಗಾಗಿ ಪಾವಿಗೆ 233 ಗ್ರಾಂ.

ಮಲ್ಲೇಶ್ವರದ ಒಲೆ: "ಸೇರಿಗೆ 933 ಗ್ರಾಂ" ಎಂದು ಯಾರು ಹೇಳಿದರು ಸ್ವಾಮಿ? ಅದು ಎಂಬತ್ತು ತೊಲದ ತೂಕದ ಸೇರು. ಚೀಟಿಯಲ್ಲಿರುವುದು ಅಳೆಯುವ ಪಾವು. ಅವೆರಡನ್ನು ಕಲಸಿ ಆ ತಾಯಿಯ ಹಬ್ಬ ಕೆಡಿಸಬೇಡಿ.

ತೂಕದವನು: ಅಳೆಯುವ ಪಾವು ಯಾವುದು? ಚಿಕ್ಕಪೇಟೆಯಲ್ಲಿ ಕೊಂಡ ಎರಡು ಪಾವುಗಳಿಗೆ ನೀರು ತುಂಬಿಸಿ ತೂಗಿದ್ದೇನೆ, ಒಂದರಂತೆ ಇನ್ನೊಂದಿಲ್ಲ. ಈ ಗೊಂದಲ ತೀರಲೆಂದೇ 1956ರಲ್ಲಿ ಮೆಟ್ರಿಕ್ ಕಾಯ್ದೆ ಬಂದದ್ದು.

ಮಲ್ಲೇಶ್ವರದ ಒಲೆ: ಕಾಯ್ದೆ ಬಂದದ್ದು ಅಂಗಡಿಗೆ, ಅಡುಗೆಮನೆಗಲ್ಲ! ಪಾವು ಚಿಕ್ಕದಿರಲಿ ದೊಡ್ಡದಿರಲಿ, ಎಲ್ಲವನ್ನೂ ಒಂದರಲ್ಲೇ ಅಳೆದರೆ ನಾಲ್ಕಕ್ಕೆ ಒಂದು ಹಾಗೆಯೇ ಉಳಿಯುತ್ತದೆ. ಒಂದು ಪಾವು ಉದ್ದಿಗೆ ಎರಡು ಪಾವು ಇಡ್ಲಿರವೆ ಹಾಕಿದವರು ಯಾರೂ ತಕ್ಕಡಿ ಹುಡುಕಲಿಲ್ಲ.

ಬನ್ ಭಟ್ಟಿ: "ಅಡುಗೆಮನೆಗಲ್ಲ" ಎಂದರೆ ಒಪ್ಪಲಾರೆ. ಬೇಕರಿಯಲ್ಲಿ ಇಪ್ಪತ್ತು ವರ್ಷ ದುಡಿದಿದ್ದೇನೆ, ತೂಗದೆ ಒಂದು ದಿನವೂ ಹಿಟ್ಟು ಕಲಸಿಲ್ಲ. ಉಪ್ಪನ್ನೇ ನೋಡಿ. 5 ಮಿ.ಲೀ. ಚಮಚಕ್ಕೆ ಪುಡಿಯುಪ್ಪು ಸುಮಾರು 6 ಗ್ರಾಂ. ಕಲ್ಲುಪ್ಪಿನ ಹರಳುಗಳ ನಡುವೆ ಸಂದು ಹೆಚ್ಚು, ಆದ್ದರಿಂದ ತೂಕ ಕಡಿಮೆ.

ಮಲ್ಲೇಶ್ವರದ ಒಲೆ: ಬೇಕರಿಯ ಮಾತು ಬೇಕರಿಯಲ್ಲಿರಲಿ. ಚಕ್ಕುಲಿಯ ಹದ ಕೈಗೆ ಗೊತ್ತಾಗುತ್ತದೆ.

ಯಲಹಂಕ ವಾಸಿ: ಯಾರ ಕೈಗೆ? ನನ್ನ ತಾಯಿ ತೀರಿಕೊಂಡು ಆರು ವರ್ಷವಾಯಿತು. ಅವರ ಕೋಡುಬಳೆ ನಮ್ಮ ಮನೆಯಲ್ಲಿ ಮತ್ತೆ ಆಗಲೇ ಇಲ್ಲ. ಒಂದೇ ಒಂದು ಸಲ ತೂಗಿ ಬರೆದಿಟ್ಟಿದ್ದರೆ ಸಾಕಿತ್ತು. ದಯವಿಟ್ಟು ಕೈಯ ಮಾತು ಹೇಳಬೇಡಿ.

ತೂಕದವನು: ಬರೆದಿಡಬೇಕು, ಅಷ್ಟೇ. ನಾನು ಮೊದಲಿನಿಂದ ಹೇಳುತ್ತಿರುವುದೂ ಅದೇ.

ಮಲ್ಲೇಶ್ವರದ ಒಲೆ: ನೀವು ಹೇಳಿದ್ದು 233 ಗ್ರಾಂ. ಅದು ತಪ್ಪು, ಈಗಲೂ ತಪ್ಪು.

ಬಸವನಗುಡಿ ಸೊಸೆ: ಈಗ ಅತ್ತೆಯವರಿಗೇ ಫೋನ್ ಮಾಡಿದೆ. ಅವರು ಪಾವಿನಲ್ಲಿ ಅಳೆಯುತ್ತಿದ್ದದ್ದು ಹಿಟ್ಟನ್ನಲ್ಲ, ಅಕ್ಕಿಯನ್ನಂತೆ. ಅಳೆದು ಗಿರಣಿಗೆ ಕೊಡುತ್ತಿದ್ದರಂತೆ.

ತೂಕದವನು: ನೋಡಿದಿರಾ? ಒಂದು ಕಪ್ ಅಕ್ಕಿ ಸುಮಾರು 190 ಗ್ರಾಂ, ಅದೇ ಕಪ್ ಅಕ್ಕಿಹಿಟ್ಟು 150ರಿಂದ 160. ಬೀಸಿದರೆ ಹಿಟ್ಟು ಅರಳುತ್ತದೆ, ಗ್ರಾಂ ಬದಲಾಗುವುದಿಲ್ಲ. ಚೀಟಿಯಲ್ಲಿ ತೂಕವಿದ್ದಿದ್ದರೆ ಈ ತೊಡಕೇ ಇರುತ್ತಿರಲಿಲ್ಲ.

ಮಲ್ಲೇಶ್ವರದ ಒಲೆ: ಆದರೂ ಅವರು ಅಳೆದದ್ದು ಪಾವಿನಲ್ಲೇ ಅಲ್ಲವೇ?