ಕರುಳುಬೇನೆ: ಲಸಿಕೆ ಹಾಕಿದ ಮೇಲೂ ಕೊಬ್ಬಿದ ಮರಿಗಳೇ ಸಾಯುತ್ತಿವೆ

ಟಗರುಮರಿ: ಸಂಜೆ ಚೆನ್ನಾಗಿ ಮೇದ ನಾಲ್ಕು ತಿಂಗಳ ಕುರಿಮರಿಗಳು ಬೆಳಗ್ಗೆ ಸತ್ತಿವೆ. ಒಂದು ಕತ್ತು ಹಿಂದಕ್ಕೆ ಸೆಟೆದು ಕಾಲು ಬಡಿಯುತ್ತಾ ಸತ್ತಿತು. ಮೂರು ವಾರದ ಹಿಂದೆ ಒಂದು ಸಲ ಇಟಿ (ಕರುಳುಬೇನೆಯ) ಲಸಿಕೆ ಹಾಕಿದೆ. ಮೇವು ಮಳೆ ಬಿದ್ದ ಮೇಲಿನ ಎಳೆ ಹುಲ್ಲು, ಜೊತೆಗೆ ಮೆಕ್ಕೆಜೋಳದ ನುಚ್ಚು. ಬಡಕಲು ಮರಿಗಳಿಗೆ ಏನೂ ಆಗಿಲ್ಲ. ಮಾಂಸ ತಿನ್ನಬಹುದಾ?

ಹಟ್ಟಿವೈದ್ಯ: ಮೊದಲು ಒಂದು ಮಾತು: ಮೂಗು, ಗುದದಿಂದ ಕಪ್ಪು ರಕ್ತ ಬಂದಿದ್ದರೆ ಹೆಣ ಕೊಯ್ಯಬೇಡಿ, ಆಂಥ್ರಾಕ್ಸ್ ಇರಬಹುದು.

ನೀವು ಹೇಳಿದ್ದು ಕರುಳುಬೇನೆಯ ಹಾಗಿದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಡಿ ಮಾದರಿ ಆರೋಗ್ಯವಾಗಿರುವ ಕುರಿಯ ಕರುಳಲ್ಲೂ ಇರುತ್ತದೆ. ನುಚ್ಚಿನ ಪಿಷ್ಟ ಅರಗದೆ ಸಣ್ಣಕರುಳಿಗೆ ಇಳಿದರೆ ಈ ಬ್ಯಾಕ್ಟೀರಿಯಾ ವಿಪರೀತ ಬೆಳೆದು ಎಪ್ಸಿಲಾನ್ ವಿಷ ಬಿಡುತ್ತದೆ. ಹೊರಬರುವಾಗ ಅದು ಅಷ್ಟೇನೂ ತೀಕ್ಷ್ಣವಲ್ಲ. ಕುರಿಯದೇ ಜೀರ್ಣರಸದಲ್ಲಿರುವ ಟ್ರಿಪ್ಸಿನ್ ಅದನ್ನು ಕತ್ತರಿಸಿ ಘೋರ ಮಾಡುತ್ತದೆ. ರಕ್ತ ಸೇರಿ ಮಿದುಳಿನ ರಕ್ತನಾಳಗಳನ್ನು ಸೋರಿಸುತ್ತದೆ, ಮಿದುಳು ಊದುತ್ತದೆ. ಹೆಚ್ಚು ತಿಂದ ಮರಿಯೇ ಸಾಯುವುದು ಅದಕ್ಕೇ.

ಹೆಣ ಕೊಯ್ದಾಗ ಕಿಡ್ನಿ ಮೆತ್ತಗಾಗಿದೆ ಅಂತ ಅದೊಂದನ್ನೇ ನೆಚ್ಚಬೇಡಿ, ಬಿಸಿಲಿಗೆ ಬಿದ್ದ ಯಾವ ಹೆಣದಲ್ಲೂ ಹಾಗಾಗುತ್ತದೆ. ಮೂತ್ರದಲ್ಲಿ ಸಕ್ಕರೆ, ಹೃದಯದ ಚೀಲದಲ್ಲಿ ಗಾಳಿ ತಾಕಿದರೆ ಹೆಪ್ಪುಗಟ್ಟುವ ತಿಳಿಹಳದಿ ನೀರು ಸಿಕ್ಕರೆ ಗುಮಾನಿ ಬಲವಾಗುತ್ತದೆ. ಸಾಯುವ ಹಂತದಲ್ಲಿ ಔಷಧಿ ಕೊಟ್ಟು ಪ್ರಯೋಜನವಿಲ್ಲ.

ಸೂಜಿಮದ್ದು: ಲಸಿಕೆ ಕೈಕೊಟ್ಟಿಲ್ಲ, ಅರ್ಧಕ್ಕೆ ನಿಂತಿದೆ. ಮೊದಲ ಸಲ ಹಾಕಿಸುವ ಮರಿಗೆ 2-3 ವಾರ ಬಿಟ್ಟು ಎರಡನೇ ಡೋಸ್ ಬೇಕೇಬೇಕು. ರಕ್ಷಣೆ ಗಟ್ಟಿಯಾಗುವುದು ಅದಾದ ಮೇಲೆ. ಆಮೇಲೆ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ. ಗಬ್ಬದ ಕುರಿಗೆ ಈಯುವುದಕ್ಕೆ ಒಂದು ತಿಂಗಳು ಮೊದಲು ಹಾಕಿದರೆ ಗಿಣ್ಣುಹಾಲಿನಲ್ಲಿ ಮರಿಗೂ ರಕ್ಷಣೆ ಸಿಗುತ್ತದೆ. ಬಾಟಲಿಯನ್ನು 2-8 ಡಿಗ್ರಿಯಲ್ಲಿಡಿ. ಐಸ್‌ಗೆ ನೇರ ತಾಗಿ ಹೆಪ್ಪುಗಟ್ಟಿದ್ದರೆ ಬಿಸಾಡಿ, ಕರಗಿಸಿದರೂ ಕೆಲಸ ಮಾಡದು. ಹಾಕುವ ಮುಂಚೆ ಚೆನ್ನಾಗಿ ಅಲುಗಾಡಿಸಿ, ಚರ್ಮದಡಿಗೆ ಕೊಡಿ. ಪ್ರಮಾಣ ಕಂಪನಿಗೊಂದು, ಲೇಬಲ್ ನೋಡಿ.

ಇವತ್ತೇ ಮಾಡಬೇಕಾದ್ದು: ನುಚ್ಚು ಪೂರ್ತಿ ನಿಲ್ಲಿಸಿ, ಹೊಲಕ್ಕೆ ಬಿಡುವ ಮುಂಚೆ ಒಣಮೇವು ತಿನ್ನಿಸಿ. ಮತ್ತೆ ಕೊಡುವಾಗ ಮರಿಗೆ ದಿನಕ್ಕೆ 50 ಗ್ರಾಂನಿಂದ ಶುರುಮಾಡಿ ಎರಡು ವಾರದಲ್ಲಿ ನಿಧಾನಕ್ಕೆ ಏರಿಸಿ.

ಒಲೆಮುಂದೆ: ಸತ್ತ ಕುರಿ ತಿನ್ನಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿ. ಡಿ ಮಾದರಿ ಮನುಷ್ಯರನ್ನು ಕಾಡುವುದು ತೀರಾ ಅಪರೂಪ. ನಮ್ಮನ್ನು ಮಲಗಿಸುವುದು ಇದರದೇ ಎ ಮಾದರಿ, ಅದೂ ಒಳ್ಳೆಯ ಮಾಂಸದಲ್ಲೇ. ಅದರ ಬೀಜಾಣು (ಗಟ್ಟಿ ಕವಚದೊಳಗೆ ನಿದ್ದೆ ಹೋದ ರೂಪ) ಕುದಿಗೂ ಸಾಯುವುದಿಲ್ಲ. ಜಾತ್ರೆಯ ದೊಡ್ಡ ಹಂಡೆಯಲ್ಲಿ ಸಾರು ರಾತ್ರಿಯಿಡೀ ಉಗುರುಬೆಚ್ಚಗೆ ಉಳಿದರೆ ಮೊಳೆತು ಬೆಳೆಯುತ್ತದೆ. ಉಂಡ 6-24 ಗಂಟೆಯಲ್ಲಿ ಹೊಟ್ಟೆ ನುಲಿತ, ಭೇದಿ. ಸಾಮಾನ್ಯವಾಗಿ ಒಂದು ದಿನದಲ್ಲಿ ತಾನಾಗಿ ನಿಲ್ಲುತ್ತದೆ. ಸಾರನ್ನು 60 ಡಿಗ್ರಿಗಿಂತ ಬಿಸಿಯಾಗಿಡಿ, ಇಲ್ಲವೇ ಅಗಲ ತಟ್ಟೆಗಳಿಗೆ ಸುರಿದು ಬೇಗ ತಣ್ಣಗಾಗಿಸಿ ಫ್ರಿಜ್ಜಿಗಿಡಿ.